ಹೀರದ ಬಟ್ಟೆ, ಗೀರುವ ಬಟ್ಟೆ, ನಾರುವ ಬಟ್ಟೆ: ಕಾರು ಒರೆಸುವ ಮೈಕ್ರೋಫೈಬರಿನ ದೋಷ ನಿವಾರಣೆ

ಖಂಡೇನವಮಿಯ ಹಿಂದಿನ ವಾರ ನಮ್ಮಂಥ ವಾಷಿಂಗ್ ಶೆಡ್ಡಿನವರಿಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಹುಬ್ಬಳ್ಳಿಯ ಉಣಕಲ್ ಕಡೆಯ ನಮ್ಮ ಶೆಡ್ಡಿಗೆ ಅಂಥದೇ ಒಂದು ಸಂಜೆ ಕಪ್ಪು ಬಣ್ಣದ ಕಾರೊಂದು ಬಂತು. ತೊಳೆದು, ಒರೆಸಿ, ವ್ಯಾಕ್ಸ್ ಹಚ್ಚಿ, ಟ್ಯೂಬ್‌ಲೈಟಿನ ಬೆಳಕಲ್ಲಿ ಕನ್ನಡಿಯಂತೆ ಹೊಳೆಯಿಸಿ ಕೊಟ್ಟೆವು. ಮರುದಿನ ಹತ್ತು ಗಂಟೆಗೆ ಮಾಲೀಕರು ಗಾಡಿಯನ್ನು ವಾಪಸ್ ತಂದು ಬಿಸಿಲಿಗೆ ಓರೆಯಾಗಿ ನಿಲ್ಲಿಸಿದರು.

"ಏನ್ರಿ ಇದು, ಬೆಕ್ಕ ಕೆರದಂಗ ಆಗೇತಲ್ರಿ?"

ಬಾನೆಟ್ಟಿನ ಮೇಲೆ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ದುಂಡನೆಯ ಸಣ್ಣ ಗೀರುಗಳು. ಹಿಂದಿನ ಗಾಜಿನ ಮೇಲೆ ಎಣ್ಣೆಗೈ ಸವರಿದಂಥ ಮಬ್ಬು. ಮೊದಲು ವ್ಯಾಕ್ಸನ್ನು ಬೈದೆ, ಆಮೇಲೆ ಶಾಂಪೂವನ್ನು, ಆಮೇಲೆ ಒರೆಸಿದ ಹುಡುಗನನ್ನು. ಬಟ್ಟೆಗಳ ಕಡೆ ಕಣ್ಣು ಹೋದದ್ದು ಕಟ್ಟಕಡೆಗೆ. ಅವನ್ನು ಹಿಂದಿನ ಭಾನುವಾರ ನಾನೇ ಮನೆಗೆ ಒಯ್ದಿದ್ದೆ. ಟವೆಲ್ಲು, ಲುಂಗಿಗಳ ಜೊತೆ ಮಷೀನಿಗೆ ಹಾಕಿ, ಘಮ್ಮೆನ್ನಲಿ ಎಂದು ಕೊನೆಯ ನೀರಿಗೆ ಫ್ಯಾಬ್ರಿಕ್ ಕಂಡೀಷನರ್ ಸುರಿದು, ಮಾಳಿಗೆಯ ತಗಡಿನ ಮೇಲೆ ಹರವಿ ಒಣಗಿಸಿದ್ದೆ. ಬಾನೆಟ್ಟನ್ನು ಪುಕ್ಕಟೆ ಮಷೀನ್ ಪಾಲಿಶ್ ಮಾಡಿಕೊಟ್ಟು, ಅವತ್ತಿನಿಂದ ಪ್ರತಿ ಬಟ್ಟೆಯನ್ನೂ ಪರೀಕ್ಷೆ ಮಾಡಿಯೇ ಗಾಡಿಗೆ ಮುಟ್ಟಿಸುತ್ತೇನೆ. ಆ ಪರೀಕ್ಷೆಗಳೇ ಇಲ್ಲಿವೆ.

ನಮ್ಮದು ಹತ್ತಿಯ ಕೈ

ಜಯಧರ ಹತ್ತಿ ಬೆಳೆದ ಸೀಮೆ ನಮ್ಮದು. ಗರಗದಲ್ಲಿ ಖಾದಿ, ಬೆಂಗೇರಿಯಲ್ಲಿ ರಾಷ್ಟ್ರಧ್ವಜ. ಬಟ್ಟೆ ಎಂದರೆ ಕುದಿ ನೀರಿಗೆ ಹಾಕು, ಸೋಡಾ ಹಾಕು, ಕಲ್ಲಿಗೆ ಬಡಿ, ಕಡಕ್ ಬಿಸಿಲಿಗೆ ಒಣಹಾಕು, ಇಸ್ತ್ರಿ ಹೊಡಿ ಎಂದು ಅವ್ವಂದಿರು ಕಲಿಸಿದ್ದು ಹತ್ತಿಗೆ ಸರಿಯಾಗಿಯೇ ಇದೆ. ಮೈಕ್ರೋಫೈಬರಿಗೆ ಇದರಲ್ಲಿ ಒಂದೂ ಆಗಿಬರುವುದಿಲ್ಲ.

ಅದು ಪ್ಲಾಸ್ಟಿಕ್ಕಿನ ಎಳೆ. ಸಾಮಾನ್ಯವಾಗಿ 80 ಪಾಲು ಪಾಲಿಯೆಸ್ಟರ್, 20 ಪಾಲು ಪಾಲಿಅಮೈಡ್, ಎಂದರೆ ನೈಲಾನ್. ತುಟ್ಟಿಯದರಲ್ಲಿ 70-30 ಇರುತ್ತದೆ. ಕಾರ್ಖಾನೆಯಲ್ಲಿ ಒಂದೊಂದು ಎಳೆಯನ್ನೂ ಕಿತ್ತಳೆಯ ತೊಳೆಗಳ ಹಾಗೆ ಸೀಳಿರುತ್ತಾರೆ. ಧೂಳನ್ನು ಹಿಡಿದುಕೊಳ್ಳುವುದು ಆ ಸೀಳಿನ ಅಂಚು, ನೀರು ನಿಲ್ಲುವುದು ತೊಳೆಗಳ ನಡುವಿನ ಸಂದಿ. ಎಳೆ ಎಷ್ಟು ಸಣ್ಣದು? ನೂಲಿನವರ ಲೆಕ್ಕದಲ್ಲಿ 9000 ಮೀಟರ್ ಎಳೆ 1 ಗ್ರಾಂ ತೂಗಿದರೆ ಅದು 1 ಡೆನಿಯರ್. ಅದಕ್ಕಿಂತ ಸಣ್ಣದಾದರೆ ಮೈಕ್ರೋಫೈಬರ್. ಸೀಳಿದ ಎಳೆ 0.2 ಡೆನಿಯರಿನ ಆಸುಪಾಸು ಎಂದು ಹಿಡಿಯಿರಿ, ಹುಬ್ಬಳ್ಳಿಯಿಂದ ಧಾರವಾಡದವರೆಗೆ ಇಪ್ಪತ್ತು ಕಿಲೋಮೀಟರ್ ಎಳೆದರೂ ಅರ್ಧ ಗ್ರಾಂ ತೂಗುವುದಿಲ್ಲ. ಇಷ್ಟು ಸಣ್ಣ ಸಂದಿ ಮುಚ್ಚಿಹೋಗಲು ಏನು ಬೇಕು ಹೇಳಿ: ಒಂಚೂರು ಜಿಡ್ಡು, ಒಂಚೂರು ಸುಣ್ಣ, ಒಂಚೂರು ಸಾಬೂನು. ಮುಂದೆ ಬರುವ ದೋಷಗಳಲ್ಲಿ ಮುಕ್ಕಾಲು ಪಾಲು ಈ ಸಂದಿ ಮುಚ್ಚಿದ ಕಥೆಯೇ.

ಬಟ್ಟೆ ಬಿಸಾಡುವ ಮೊದಲು

ಒಣಗಿದ ಬಟ್ಟೆಯನ್ನು ಅಂಗೈ ಮೇಲೆ ಹಗುರವಾಗಿ ಎಳೆಯಿರಿ. ಒಳ್ಳೆಯದಾದರೆ ಚರ್ಮದ ಸಣ್ಣ ಬಿರುಕುಗಳನ್ನು ಹಿಡಿಹಿಡಿದು ಬರುತ್ತದೆ. ಮೈ ಜುಮ್ಮೆನ್ನುತ್ತದೆ, ನನಗಂತೂ ಇವತ್ತಿಗೂ ಅದು ಸೇರುವುದಿಲ್ಲ. ರೇಷ್ಮೆಯ ಹಾಗೆ ನುಣ್ಣಗೆ ಜಾರಿದರೆ ಎಳೆಗಳ ಮೇಲೆ ಏನೋ ಪದರ ಕೂತಿದೆ.

ಎರಡನೆಯದು ಹನಿ. ಒಣ ಬಟ್ಟೆಯನ್ನು ತಾಟಿನಲ್ಲಿ ಹರವಿ ಬೆರಳ ತುದಿಯಿಂದ ಒಂದು ಹನಿ ನೀರು ಬಿಡಿ. ಬಿದ್ದ ಕೂಡಲೇ ಮಾಯವಾಗಬೇಕು. ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಗೆ ಕೂತರೆ ಮುಂದಿನ ಭಾಗ ಓದಿ.

ಮೂರನೆಯದಕ್ಕೆ ಹಳೆಯ ಸಿಡಿ ಬೇಕು. ಹೊಳೆಯುವ ಬದಿಯ ಮೇಲೆ ಬಟ್ಟೆಯಿಂದ ಹತ್ತು ಸಲ ನೇರವಾಗಿ ಉಜ್ಜಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಸಿಡಿ ಕಾರಿನ ಬಣ್ಣಕ್ಕಿಂತ ಮೆತ್ತಗಿನದು, ಬೇಗ ಗೀರುತ್ತದೆ. ಹಾಗಾಗಿ ಒಂದೆರಡು ಗೀರು ಬಿದ್ದ ಮಾತ್ರಕ್ಕೆ ಗಾಬರಿ ಬೇಡ. ಹೊಸ ಬಟ್ಟೆಯಿಂದ ಪಕ್ಕದಲ್ಲೇ ಉಜ್ಜಿ ಎರಡನ್ನೂ ಹೋಲಿಸಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಬಟ್ಟೆಯ ಅಂಚಿನ ಹೊಲಿಗೆ ಮತ್ತು ಲೇಬಲ್ಲನ್ನು ಬೇರೆಯಾಗಿ ಉಜ್ಜಿ ನೋಡುವುದು ಮರೆಯಬೇಡಿ.

ನೀರು ಹೀರದೆ ದೂಡುತ್ತದೆ

ಗಾಡಿ ಒರೆಸುವಾಗ ನೀರು ಬಟ್ಟೆಯ ಮುಂದೆ ಮುಂದೆ ಓಡುತ್ತದೆ, ಹಿಂದೆ ಸಾಲು ಬಿಡುತ್ತದೆ. ಅತಿ ಹೆಚ್ಚು ಬರುವ ದೂರು ಇದೇ. ಕಾರಣ ನಾಲ್ಕಾರು ಇರಬಹುದು: ಕಂಡೀಷನರ್, ವ್ಯಾಕ್ಸು ಅಥವಾ ಡ್ಯಾಶ್‌ಬೋರ್ಡ್ ಪಾಲಿಶಿನ ಸಿಲಿಕೋನ್ ಜಿಡ್ಡು, ಪೂರ್ತಿ ಹೋಗದ ಡಿಟರ್ಜೆಂಟು, ಬೋರಿನ ನೀರಿನ ಸುಣ್ಣ, ಶಾಖಕ್ಕೆ ಕರಗಿದ ಎಳೆ. ಒಂದಕ್ಕೆ ಮಾಡುವ ಉಪಚಾರ ಇನ್ನೊಂದಕ್ಕೆ ತಾಕುವುದಿಲ್ಲ. ಸುಣ್ಣ ಕೂತ ಬಟ್ಟೆಗೆ ಇನ್ನಷ್ಟು ಡಿಟರ್ಜೆಂಟು ಸುರಿದರೆ ರೋಗ ಹೆಚ್ಚುತ್ತದೆ ಅಷ್ಟೇ. ಅದಕ್ಕೆ ನಾನು ಬಟ್ಟೆಯ ನಾಲ್ಕು ಮೂಲೆಗಳನ್ನು ಕೇಳುತ್ತೇನೆ.

ಮೊದಲ ಮೂಲೆಯನ್ನು ಬರೀ ಬೆಚ್ಚನೆಯ ನೀರಲ್ಲಿ, ಮಕ್ಕಳಿಗೆ ಎರೆಯುವಷ್ಟು ಬಿಸಿಯದರಲ್ಲಿ, ಹಿಂಡಿ ಹಿಂಡಿ ತೊಳೆಯಿರಿ. ಸ್ಟೀಲ್ ಬೋಗುಣಿಯಲ್ಲಿ ಮಾಡಿದರೆ ನೀರಿನ ಬಣ್ಣ ಕಾಣುತ್ತದೆ. ಎರಡನೇ ಮೂಲೆಗೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಎರಡು ಹನಿ ಹಾಕಿ ಬೆರಳಿಂದ ತಿಕ್ಕಿ, ಹತ್ತು ನಿಮಿಷ ಬಿಟ್ಟು, ನೊರೆ ಪೂರ್ತಿ ಹೋಗುವತನಕ ತೊಳೆಯಿರಿ. ಮೂರನೆಯದನ್ನು ಸಿಟ್ರಿಕ್ ಆಸಿಡ್ ಕರಗಿಸಿದ ನೀರಲ್ಲಿ ಇಪ್ಪತ್ತು ನಿಮಿಷ ಅದ್ದಿಡಿ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದರೆ ಕೊಡುತ್ತಾರೆ. ಒಂದು ಲೀಟರಿಗೆ ಒಂದು ಚಹಾ ಚಮಚ, ಸುಮಾರು 5 ಗ್ರಾಂ, ಸಾಕು. ನಾಲ್ಕನೇ ಮೂಲೆಗೆ ಏನೂ ಮಾಡಬೇಡಿ, ಹೋಲಿಸಿ ನೋಡಲು ಬೇಕಾಗುತ್ತದೆ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ನಾಲ್ಕೂ ಮೂಲೆಗೆ ಒಂದೊಂದು ಹನಿ ನೀರು ಬಿಡಿ.

ಬಾನೆಟ್ ಗೀರಿದ ಆ ಬಟ್ಟೆಯನ್ನು ಹೀಗೇ ತಾಟಿನಲ್ಲಿಟ್ಟುಕೊಂಡು ನಾನೂ ಹುಡುಗನೂ ಕೂತಿದ್ದೆವು. ಮುಟ್ಟದ ಮೂಲೆಯ ಹನಿ ಗುಂಡಗೆ ಕೂತು ಟ್ಯೂಬ್‌ಲೈಟನ್ನು ಹೊಳೆಯಿಸುತ್ತಿತ್ತು. ಬೆಚ್ಚನೆಯ ನೀರಿನದು ಸ್ವಲ್ಪ ಚಪ್ಪಟೆಯಾಗಿ ಅಲ್ಲೇ ನಿಂತಿತು. ಸಿಟ್ರಿಕ್ ಮೂಲೆಯದು ಹತ್ತು ಎಣಿಸುವುದರಲ್ಲಿ ಮೆಲ್ಲಗೆ ಇಳಿಯಿತು. ಲಿಕ್ವಿಡ್ ಮೂಲೆಯದು ಬಿದ್ದದ್ದೇ ಗೊತ್ತಾಗಲಿಲ್ಲ. "ಅಣ್ಣಾ, ಇದಕ್ಕ ಎರಡು ಜಡ್ಡ ಅದಾವು" ಎಂದ ಹುಡುಗ. ಸರಿಯಾಗಿಯೇ ಹೇಳಿದ. ಮುಖ್ಯ ರೋಗ ಜಿಡ್ಡು, ಅದರ ಕೆಳಗೆ ಸುಣ್ಣ.

ಉತ್ತರ ಸಿಕ್ಕ ಮೇಲೆ ಉಪಚಾರ ಸುಲಭ. ಬೆಚ್ಚನೆಯ ನೀರಿನ ಮೂಲೆ ಹೀರಿದರೆ ಡಿಟರ್ಜೆಂಟು ಉಳಿದಿದೆ. ಏನನ್ನೂ ಹಾಕದೆ ಮೂರು ನಾಲ್ಕು ನೀರಲ್ಲಿ ಜಾಲಿಸಿ. ಲಿಕ್ವಿಡ್ ಮೂಲೆ ಹೀರಿದರೆ ಜಿಡ್ಡು: 10 ಲೀಟರ್ ಬೆಚ್ಚನೆಯ ನೀರಿಗೆ ಎರಡು ಚಮಚ ಬಟ್ಟೆ ಒಗೆಯುವ ಲಿಕ್ವಿಡ್ ಹಾಕಿ ಒಂದು ತಾಸು ನೆನೆಸಿ, ಅದುಮಿ ಅದುಮಿ ತೊಳೆಯಿರಿ. ಪಾತ್ರೆಯ ಲಿಕ್ವಿಡ್ ಬಕೆಟ್ಟಿಗೆ ನಡೆಯುತ್ತದೆ, ಮಷೀನಿಗೆ ಮಾತ್ರ ಬೇಡ, ನೊರೆ ಉಕ್ಕಿ ಬಚ್ಚಲ ತುಂಬ ಹರಿಯುತ್ತದೆ. ಕಂಡೀಷನರ್ ಬಿದ್ದಿದ್ದರೆ ಒಂದು ಸಲಕ್ಕೆ ಹೋಗುವುದಿಲ್ಲ. ಅದನ್ನು ಮಾಡಿರುವುದೇ ಎಳೆಗೆ ಅಂಟಿ ಕೂರಲಿ ಎಂದು; ಹತ್ತಿಗೆ ಮೆದುವು ಕೊಡುವ ಗುಣವೇ ಇಲ್ಲಿ ಸಂದಿ ಮುಚ್ಚುತ್ತದೆ. ಇದೇ ಉಪಚಾರವನ್ನು ಎರಡು ಮೂರು ಸಲ ಮಾಡಬೇಕು.

ಸಿಟ್ರಿಕ್ ಮೂಲೆ ಹೀರಿದರೆ ನೀರಿನದೇ ತಂಟೆ. ನಳದಲ್ಲಿ ಬರುವ ಮಲಪ್ರಭೆಯ ನೀರಿಗೆ ಈ ಕಾಟ ಕಡಿಮೆ. ಆದರೆ ನಳ ದಿನಾ ಬರುವುದಿಲ್ಲ, ಶೆಡ್ಡು ನಡೆಯುವುದು ಬೋರಿನ ಮೇಲೆ. ಬಕೆಟ್ಟಿನ ಅಂಚಿಗೆ ಬಿಳಿ ಕರೆ ಕಟ್ಟುತ್ತಿದ್ದರೆ, ಆ ನೀರಲ್ಲಿ ಬೇಳೆ ಬೇಗ ಬೇಯದಿದ್ದರೆ, ನಿಮ್ಮದು ಗಡಸು ನೀರು. ಗದಗ ಕಡೆಯ ನನ್ನ ಮಾವನ ಊರಲ್ಲಿ ಕುಕ್ಕರಿನ ಒಳಗೋಡೆ ನೋಡಿದರೇ ಸಾಕು. ಇಂಥ ನೀರಿಗೆ ಸಾಬೂನು ತಾಗಿದರೆ ಒಡೆದ ಹಾಲಿನಂತೆ ಬಿಳಿ ಗಸಿ ಏಳುತ್ತದೆ, ಆ ಗಸಿ ನೀರಲ್ಲಿ ಕರಗುವುದಿಲ್ಲ, ಹೋಗಿ ಎಳೆಗಳ ನಡುವೆ ಕೂರುತ್ತದೆ. ಇಡೀ ಬಟ್ಟೆಯನ್ನು ಮೊದಲು ಹೇಳಿದ ಅಳತೆಯ ಸಿಟ್ರಿಕ್ ನೀರಲ್ಲಿ ಅರ್ಧ ತಾಸು ಅದ್ದಿ, ಒಳ್ಳೆಯ ನೀರಲ್ಲಿ ಜಾಲಿಸಿ. ಪ್ಲಾಸ್ಟಿಕ್ ಬಕೆಟ್ಟೇ ಇರಲಿ. ಇದರ ಜೊತೆ ಬ್ಲೀಚಿಂಗ್ ಪೌಡರನ್ನು ಯಾವ ಕಾರಣಕ್ಕೂ ಕೂಡಿಸಬೇಡಿ, ಕ್ಲೋರಿನ್ ಗಾಳಿ ಏಳುತ್ತದೆ. ಮಳೆಗಾಲದಲ್ಲಿ ನಾವು ತಗಡಿನ ಸೂರಿನ ನೀರನ್ನು ಡ್ರಮ್ಮಿಗೆ ಹಿಡಿಯುತ್ತೇವೆ. ಮೊದಲ ಮಳೆಯದನ್ನು ಬಿಟ್ಟು ಉಳಿದದ್ದರಲ್ಲಿ ಕೊನೆಯ ಜಾಲು ಮಾಡಿದರೆ ಸಿಟ್ರಿಕ್ ಹಂಗೇ ಇಲ್ಲ; ಮಳೆ ನೀರಿನಷ್ಟು ಮೆದು ನೀರು ನಮ್ಮ ಸೀಮೆಯಲ್ಲಿ ಬೇರೆಲ್ಲಿ ಸಿಗಬೇಕು.

ಯಾವ ಮೂಲೆಯೂ ಹೀರಲಿಲ್ಲವೆ? ಹೊಸ ಬಟ್ಟೆಯಾಗಿದ್ದರೆ ಅದು ಸೀಳದ ಎಳೆಯ ಅಗ್ಗದ ಪಾಲಿಯೆಸ್ಟರ್ ಆಗಿರಬಹುದು. ಮೈಕ್ರೋಫೈಬರ್ ಎಂದು ಮೇಲೆ ಬರೆದಿದ್ದರೂ ಕೆಲಸಕ್ಕೆ ಬಾರದು. ಹಳೆಯದಾಗಿದ್ದರೆ "ಒರಟಾಗಿದೆ" ಎಂಬ ಭಾಗಕ್ಕೆ ಹೋಗಿ.

ಗೀರು ಬೀಳುತ್ತಿದೆ

ದುರ್ಗದಬೈಲಿನಲ್ಲಿ ವಾಚ್ ರಿಪೇರಿ ಮಾಡುವ ಗೆಳೆಯನೊಬ್ಬನಿಂದ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ತಂದು ಆ ದಿನದ ಬಟ್ಟೆಗಳನ್ನು ನೋಡಿದೆ. ಬರಿಗಣ್ಣಿಗೆ ಸ್ವಚ್ಛ ಕಂಡ ಬಟ್ಟೆಯ ಕುಣಿಕೆಗಳ ಬುಡದಲ್ಲಿ ಇಟ್ಟಿಗೆ ಬಣ್ಣದ ಒಂದು ಮರಳಿನ ಕಣ, ಅದರ ಪಕ್ಕ ಸುರುಳಿ ಸುತ್ತಿದ ಕೂದಲಿನಷ್ಟು ತೆಳು ಕಬ್ಬಿಣದ ಚೂರು. ಎರಡನ್ನೂ ಸೂಜಿಯಿಂದ ಎಬ್ಬಿಸಬೇಕಾಯಿತು, ಜಾಡಿಸಿದರೆ ಬೀಳಲಿಲ್ಲ.

ಕಬ್ಬಿಣದ ಚೂರಿನ ಗುಟ್ಟು ಸುಲಭ. ಯಾರೋ ಅದೇ ಬಟ್ಟೆಯಿಂದ ಗಾಲಿ ಒರೆಸಿದ್ದಾರೆ, ಬ್ರೇಕಿನ ಪುಡಿ ಹತ್ತಿದೆ. ಮರಳು ನಮ್ಮ ಮಣ್ಣಿನದು. ಹುಬ್ಬಳ್ಳಿಯ ಪೂರ್ವಕ್ಕೆ ಎರೆ, ಧಾರವಾಡದ ಪಶ್ಚಿಮಕ್ಕೆ ಕೆಂಪು ಮಸಾರಿ. ಎರೆ ಮಣ್ಣು ಜಿಗುಟು, ಬಣ್ಣ ಕೊಳೆ ಮಾಡುತ್ತದೆ, ನೆನೆಸಿದರೆ ಬಿಡುತ್ತದೆ. ಮಸಾರಿಯಲ್ಲಿ ಮತ್ತು ಮನೆ ಕಟ್ಟುವ ಮರಳಲ್ಲಿ ಇರುವ ಬೆಣಚಿನ ಕಣ ಕಾರಿನ ಬಣ್ಣದ ಮೇಲೆ ಬಳಿದ ಪಾರದರ್ಶಕ ಪದರಕ್ಕಿಂತ, ಎಂದರೆ ಕ್ಲಿಯರ್ ಕೋಟಿಗಿಂತ, ಎಷ್ಟೋ ಗಟ್ಟಿ. ಒಂದು ಕಣ ಸಾಕು, ಕೈ ತಿರುಗಿದ ಕಡೆಯೆಲ್ಲ ಗೀರು.

ಗೀರು ನೇರವಾಗಿ, ಆಳವಾಗಿ ಒಂದೆರಡೇ ಇದ್ದರೆ ಅಂಚಿನ ಹೊಲಿಗೆ, ಲೇಬಲ್, ಇಲ್ಲವೆ ಒಂದೇ ಒಂದು ಕಣದ ಮೇಲೆ ಅನುಮಾನ ಪಡಿ. ಲೇಬಲ್ಲನ್ನು ಬಟ್ಟೆ ಮನೆಗೆ ಬಂದ ದಿನವೇ ಬುಡಕ್ಕೆ ಕತ್ತರಿಸಿ. ಸಣ್ಣವು, ದುಂಡಗೆ, ತುಂಬ ಇದ್ದರೆ ಬಟ್ಟೆ ಕೊಳೆಯಾಗಿದೆ, ಅಥವಾ ಗಾಡಿಯನ್ನು ನೀರಿನಿಂದ ಸರಿಯಾಗಿ ತೊಳೆಯುವ ಮೊದಲೇ ಒರೆಸಲು ಹೊರಟಿದ್ದೀರಿ. ಎರಡನೆಯದು ಬಟ್ಟೆಯ ತಪ್ಪಲ್ಲ. ಕಣ ಇರುವ ಬಟ್ಟೆಯನ್ನು ಬೆಚ್ಚನೆಯ ನೀರಲ್ಲಿ ಒಂದು ರಾತ್ರಿ ನೆನೆಸಿ, ಮುಖ ಕೆಳಗೆ ಮಾಡಿ ಹಿಡಿದು ನಳಿಕೆಯ ನೀರನ್ನು ಹಿಂಬದಿಯಿಂದ ಹಾಯಿಸಿ. ಬ್ರಶ್ ಹಾಕಿ ತಿಕ್ಕಿದರೆ ಕಣ ಇನ್ನೂ ಒಳಗೆ ಇಳಿಯುತ್ತದೆ. ಕಬ್ಬಿಣ ಕಂಡ ಬಟ್ಟೆಯನ್ನು ನಾನು ಸರಿಮಾಡಲು ಹೋಗುವುದಿಲ್ಲ, ಅದು ಅವತ್ತಿನಿಂದ ಗಾಲಿಗೇ.

ನೆಲಕ್ಕೆ ಬಿದ್ದ ಬಟ್ಟೆಯ ಬಗ್ಗೆ ನಮ್ಮ ಶೆಡ್ಡಲ್ಲಿ ಕಾನೂನು ಕಟ್ಟುನಿಟ್ಟು: ಎತ್ತಿದವನು ಜಾಡಿಸುವಂತಿಲ್ಲ, ನೇರವಾಗಿ ಕೊಳೆ ಬಕೆಟ್ಟಿಗೆ. ಬೇಲಿಯ ಮೇಲೆ ಒಣಹಾಕುವವರಿಗೆ ಇನ್ನೊಂದು ಕಾಟವಿದೆ. ಉತ್ತರಾಣಿ ಬೀಜ, ಹುಲ್ಲಿನ ಮುಳ್ಳು ಹತ್ತಿದರೆ ಮೈಕ್ರೋಫೈಬರಿನಿಂದ ಬಿಡಿಸುವಷ್ಟರಲ್ಲಿ ಒಂದು ಗಾಡಿ ತೊಳೆದು ಮುಗಿದಿರುತ್ತದೆ.

ಗಾಡಿ ತುಂಬ ಬಿಳಿ ನೂಲೆಳೆ

ಇದಕ್ಕೆ ಪರೀಕ್ಷೆ ಬೇಕಿಲ್ಲ. ಹತ್ತಿ ಬಟ್ಟೆಗಳ ಜೊತೆ ಒಗೆದಿದ್ದೀರಿ. ಟವೆಲ್ಲು ಬಿಟ್ಟ ಎಳೆಯನ್ನು ಮೈಕ್ರೋಫೈಬರ್ ಹಿಡಿದಿಟ್ಟುಕೊಂಡು ಕಾರಿನ ಮೇಲೆ, ಅದೂ ಗಾಜಿನ ಮೇಲೆ, ಉದುರಿಸುತ್ತದೆ. ಪೂರ್ತಿ ಒಣಗಿಸಿ, ಜೋರಾಗಿ ಜಾಡಿಸಿ, ಅಗಲದ ಪ್ಯಾಕಿಂಗ್ ಟೇಪನ್ನು ಒತ್ತಿ ಎತ್ತಿ. ಆಮೇಲೆ ಅವನ್ನಷ್ಟೇ ಒಗೆಯಿರಿ. ಗ್ಯಾರೇಜಿನ ಬನಿಯನ್ ವೇಸ್ಟಿನ ಚೀಲದಲ್ಲಿ ಇಟ್ಟರೂ ಇದೇ ಗತಿ. ಉದುರುತ್ತಿರುವುದು ಬಿಳಿಯ ಹತ್ತಿಯಲ್ಲ, ಬಟ್ಟೆಯದೇ ಬಣ್ಣದ ಎಳೆ ಎಂದಾದರೆ ಅಂಚಿನ ಹೊಲಿಗೆ ಬಿಚ್ಚಿದೆ, ಇಲ್ಲವೆ ಬಟ್ಟೆಗೆ ವಯಸ್ಸಾಗಿದೆ.

ನಾತ ಹೊಡೆಯುತ್ತಿದೆ

ಜುಲೈ, ಆಗಸ್ಟಿನಲ್ಲಿ ಧಾರವಾಡದ ಜಿಟಿಜಿಟಿ ಮಳೆಗೆ ಏನೂ ಒಣಗುವುದಿಲ್ಲ. ಹಸಿ ಬಟ್ಟೆಯನ್ನು ಉಂಡೆ ಮಾಡಿ ಡಿಕ್ಕಿಗೆ ಎಸೆದು ಬಾಗಿಲು ಹಾಕಿದರೆ ಎರಡೇ ದಿನ. ನಳ ಬಂದಾಗ ಒಗೆದರಾಯಿತು ಎಂದು ಬಕೆಟ್ಟಿನಲ್ಲಿ ನೆನೆಹಾಕಿ ನಾಲ್ಕು ದಿನ ಮರೆಯುವವರೂ ಇದ್ದಾರೆ. ಆ ಸಾಲಿನಲ್ಲಿ ನಾನೂ ನಿಂತಿದ್ದೇನೆ.

ಸಿಟ್ರಿಕ್ ನೀರಲ್ಲಿ ಅರ್ಧ ತಾಸು, ಆಮೇಲೆ ಲಿಕ್ವಿಡ್ ಹಾಕಿ ಸ್ವಲ್ಪ ಹೆಚ್ಚು ಬಿಸಿಯ ನೀರಲ್ಲಿ ಒಗೆತ. 60 ಡಿಗ್ರಿ ಮೀರಬಾರದು. ಒಂದು ಪಾಲು ತಣ್ಣೀರಿಗೆ ಒಂದು ಪಾಲು ಕುದಿ ನೀರು ಕೂಡಿಸಿದರೆ ಹೆಚ್ಚುಕಡಿಮೆ ಅಲ್ಲಿಗೆ ಬರುತ್ತದೆ, ಬಟ್ಟೆ ಹಾಕುವುದು ಕೂಡಿಸಿದ ಮೇಲೆ. ಬ್ಲೀಚ್ ಮುಟ್ಟಬೇಡಿ, ನೈಲಾನ್ ಭಾಗವನ್ನು ಅದು ತಿನ್ನುತ್ತದೆ. ಒಗೆದ ಮೇಲೆ ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಹಗ್ಗ ಕಟ್ಟಿ, ಒಂದರ ಮೇಲೊಂದು ಬೀಳದಂತೆ ಬಿಡಿಬಿಡಿಯಾಗಿ ಹಾಕಿ. ಚೆನ್ನಾಗಿ ಹಿಂಡಿದ ಬಟ್ಟೆ ಮಳೆಗಾಲದಲ್ಲೂ ಒಂದು ರಾತ್ರಿಗೆ ಒಣಗುತ್ತದೆ.

ಒರಟಾಗಿದೆ, ಹಪ್ಪಳದಂತೆ ಗಟ್ಟಿಯಾಗಿದೆ

ಎರಡು ಕಾರಣ, ಒಂದಕ್ಕೆ ಮದ್ದಿದೆ, ಒಂದಕ್ಕಿಲ್ಲ. ಕೈಯಲ್ಲಿ ಮುದುಡಿ ಮುದುಡಿ ತಿಕ್ಕಿದಾಗ ಮೆದುವಾಗುತ್ತ ಬಂದು ಬೆರಳಿಗೆ ಸಣ್ಣ ಬಿಳಿ ಪುಡಿ ಹತ್ತಿದರೆ ಸುಣ್ಣ, ಸಿಟ್ರಿಕ್ ಉಪಚಾರ ಮಾಡಿ. ಕಾದ ತಗಡಿನ ಮೇಲೆ ಒಣಹಾಕಿದ ನನ್ನ ಬಟ್ಟೆಗಳಿಗೆ ಆದದ್ದು ಇದೇ. ಬೋರಿನ ನೀರು ಸರ್ರನೆ ಆರಿ ಸುಣ್ಣ ಅಲ್ಲೇ ಉಳಿಯಿತು. ತಗಡಿನ ತುಕ್ಕು, ಧೂಳು ಬೇರೆ.

ಆದರೆ ಆ ಗಂಟಿನಲ್ಲಿ ಎರಡು ಬಟ್ಟೆಗೆ ಎಷ್ಟು ಸಿಟ್ರಿಕ್ ಹಾಕಿದರೂ ಒರಟು ಹೋಗಲಿಲ್ಲ. ವಿಚಾರಿಸಿದರೆ, ಮಡಿಕೆ ಚಂದ ಕಾಣಲಿ ಎಂದು ಹುಡುಗ ಇಸ್ತ್ರಿ ಹೊಡೆದಿದ್ದ! ಭೂತಗನ್ನಡಿಯಲ್ಲಿ ನೋಡಿದರೆ ಕುಣಿಕೆಗಳ ತುದಿ ಮಲಗಿ, ಒಂದಕ್ಕೊಂದು ಅಂಟಿ, ಮಿಣಮಿಣ ಹೊಳೆಯುತ್ತಿದ್ದವು. ಪ್ಲಾಸ್ಟಿಕ್ ಒಮ್ಮೆ ಹೀಗಾದರೆ ಹಿಂದಕ್ಕೆ ಬರುವುದಿಲ್ಲ. ಡ್ರೈಯರಿನ ಹೆಚ್ಚಿನ ಶಾಖವೂ, ಕುದಿ ನೀರೂ ಹೀಗೇ ಎಳೆ ಕೆಡಿಸುತ್ತವೆ.

ಗಾಜಿನ ಮೇಲೆ ಮಬ್ಬು, ಬಣ್ಣ ಬಿಡುವುದು

ಗಾಜಿಗೆ ಉದ್ದ ಕುಣಿಕೆಯ ದಪ್ಪ ಬಟ್ಟೆ ಬೇಡ. ಚದರ ಮೀಟರಿಗೆ 300 ಗ್ರಾಂ ಸುಮಾರಿನ ಗಿಡ್ಡ ಎಳೆಯದು ಅಥವಾ ಜೇನುಗೂಡಿನ ನೇಯ್ಗೆಯದು ಇರಲಿ, ಅದು ಬೇರೆ ಯಾವ ಕೆಲಸಕ್ಕೂ ಹೋಗದಿರಲಿ. ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ಚಿದ ಬಟ್ಟೆ ಗಾಜಿಗೆ ತಾಗಿದರೆ ಮಬ್ಬು ಖಾತ್ರಿ. ವ್ಯಾಕ್ಸ್ ಉಜ್ಜಲು 400ರ ಮೇಲಿನದು, ನೀರು ಒರೆಸಲು ಅದಕ್ಕೂ ದಪ್ಪದ್ದು.

ಕೆಂಪು, ಕಡುನೀಲಿ ಹೊಸ ಬಟ್ಟೆಯನ್ನು ಒದ್ದೆ ಮಾಡಿ ಬಿಳಿ ಕರವಸ್ತ್ರದ ನಡುವೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಬೇರೆಯಾಗಿ ಎರಡು ಮೂರು ಸಲ ಒಗೆದು ಮತ್ತೆ ನೋಡಿ. ಆಮೇಲೂ ಬಿಟ್ಟರೆ ಅದು ಬಿಳಿ ಗಾಡಿಯ ಹತ್ತಿರ ಹೋಗಬಾರದು.

ಈಗ ನಾವು ಒಗೆಯುವ ರೀತಿ

ಮೂರು ಬಕೆಟ್ಟು: ಬಾಡಿಯವು, ಗಾಜಿನವು, ಗಾಲಿ-ಎಂಜಿನ್ನಿನವು. ಒಂದರ ನೀರು ಇನ್ನೊಂದಕ್ಕಿಲ್ಲ. ಮೊದಲು ಬರೀ ನೀರಲ್ಲಿ ಜಾಲಿಸಿ ಮಣ್ಣು ಬಿಡಿಸುತ್ತೇವೆ. ಆಮೇಲೆ 10 ಲೀಟರ್ ಬೆಚ್ಚನೆಯ ನೀರಿಗೆ ಒಂದೇ ಚಮಚ ಲಿಕ್ವಿಡ್, ಆರೆಂಟು ಬಟ್ಟೆ, ಅರ್ಧ ತಾಸು. ಪುಡಿ ಬೇಡ, ಕರಗದ ಕಾಳು ಉಳಿಯುತ್ತದೆ. ಬಟ್ಟೆ ಸಾಬೂನಿನ ಬಾರು ಅದಕ್ಕಿಂತಲೂ ಬೇಡ. ಅದರಲ್ಲಿ ತೂಕಕ್ಕೆ ಕಲ್ಲಿನ ಪುಡಿಯನ್ನೂ ಬೆರೆಸಿರುತ್ತಾರೆ. ನಮ್ಮ ಅವ್ವ ಇದನ್ನು ನೋಡಿ "ಒಂದ ಚಮಚೆಕ್ಕ ಎಲ್ಲಿ ಕೊಳಿ ಹೋಗತೈತಿ, ನಾಕ ಕಲ್ಲಿಗೆ ಬಡಿ" ಎನ್ನುತ್ತಾಳೆ. ಬಡಿಯುವುದಿಲ್ಲ. ಅದುಮುವುದು, ಬಿಡುವುದು, ಅದುಮುವುದು. ಕೊನೆಗೆ ನೊರೆ ಕಾಣದಷ್ಟು ಜಾಲಿಸಿ, ಅದರ ಮೇಲೆ ಇನ್ನೊಂದು ನೀರು.

ಒಣಗಿದ ಮೇಲೆ ಮುಚ್ಚಳದ ಡಬ್ಬಿಗಳಲ್ಲಿ ಬೇರೆ ಬೇರೆ. ಹಳತಾದ ಬಟ್ಟೆ ಯಾವುದಕ್ಕೆ ಇಳಿಯಿತು ಎಂಬುದು ಗದ್ದಲದ ದಿನ ಯಾರಿಗೂ ನೆನಪಿರುವುದಿಲ್ಲ, ಹಾಗಾಗಿ ಮೂಲೆ ಕತ್ತರಿಸುತ್ತೇವೆ: ಒಂದು ಮೂಲೆ ಹೋಗಿದ್ದರೆ ಬಾಗಿಲ ಸಂದಿಗೆ, ಎರಡು ಹೋಗಿದ್ದರೆ ಗಾಲಿಗೆ, ಮೂರು ಹೋಗಿದ್ದರೆ ಎಂಜಿನ್ನಿಗೆ. ಇಸ್ತ್ರಿ ಹೊಡೆದ ಆ ಎರಡು ಬಟ್ಟೆಗಳಿಗೆ ಈಗ ಮೂರು ಮೂಲೆಯೂ ಇಲ್ಲ. ಹುಡುಗ ಅವುಗಳಿಂದ ತನ್ನ ಸೈಕಲ್ಲಿನ ಚೈನು ಒರೆಸುತ್ತಾನೆ.